ಬಟನ್ ಫೋನಿನಲ್ಲಿ ಏಳು ದಿನದ ಪುರಾಣ

ಮೊಬೈಲಿನಲ್ಲಿ ಪುಸ್ತಕ ಓದಬಹುದು ಎಂದು ನನಗೆ ಮೊದಲು ಹೇಳಿದವರು ನಮ್ಮೂರ ಅಂಚೆಯಣ್ಣ. ಕಾಗದ ಬರೆಯುವವರು ಕಡಿಮೆಯಾದ ಮೇಲೆ ಅವರು ಮನೆಮನೆಗೆ ಹಂಚುವುದು ಹೆಚ್ಚಾಗಿ ಕತೆಗಳನ್ನೇ. ಅವಕ್ಕೆ ಸ್ಟಾಂಪೂ ಬೇಡ, ವಿಳಾಸವೂ ಬೇಡ. ಅವರು ಹೇಳಿದ್ದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗಬಾರದಿತ್ತು. ಬೇರೆಯವರ ಪಜೀತಿಗೆ ನಕ್ಕವನ ಮನೆಯನ್ನು ಅದೇ ಪಜೀತಿ ದಾರಿ ಕೇಳಿಕೊಂಡು ಬಂದು ಸೇರುತ್ತದೆ. ನಮ್ಮ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ, ದೇವರ ದಯೆಯಿಂದ ಒಂದು ವರ್ಷವೂ ತಪ್ಪಿದ್ದಿಲ್ಲ.

ಅಂಚೆಯಣ್ಣ ಹೇಳಿದ್ದನ್ನೇ ಮೊದಲು ಹೇಳುತ್ತೇನೆ. ಉಳಿದದ್ದು ನನ್ನ ಸ್ವಂತ ಸಂಪಾದನೆ.

ಬಸ್ಸಿನಲ್ಲಿ ತೀರಿಕೊಂಡ ಅಣ್ಣ

ರಿಟೈರಾದ ಮೇಷ್ಟ್ರೊಬ್ಬರು ತೀರ್ಥಹಳ್ಳಿಯಲ್ಲಿ ಹೊಸನಗರದ ಬಸ್ಸು ಹತ್ತಿದರು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಜೇಬಿನಿಂದ ಬಟನ್ ಫೋನು ತೆಗೆದು ಓದಲು ಶುರು ಮಾಡಿದರು. ಯಾರೋ ಅದರೊಳಗೆ ಒಂದು ಕಾದಂಬರಿ ತುಂಬಿಸಿಕೊಟ್ಟಿದ್ದರಂತೆ. ಬೆಂಕಿಪೊಟ್ಟಣದಷ್ಟು ಪರದೆ, ಅದರಲ್ಲಿ ಒಂದು ಸಲಕ್ಕೆ ನಾಲ್ಕು ಸಾಲು. ನಾಲ್ಕೇ ಸಾಲಾದರೂ ದುಃಖಕ್ಕೆ ಅಷ್ಟು ಸಾಕು. ಕತೆಯಲ್ಲಿ ನಾಯಕಿಯ ಅಣ್ಣ ಸತ್ತ ಕಡೆಗೆ ಬಂದಾಗ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಪಕ್ಕದಲ್ಲಿ ಕೂತವನು ಕೇಳಿದ, "ಎಂತ ಆಯ್ತು ಮೇಷ್ಟ್ರೇ? ಮೆಸೇಜ್ ಬಂತಾ?"

ಮೇಷ್ಟ್ರು ಕನ್ನಡಕ ಮತ್ತೆ ಏರಿಸಿಕೊಂಡರು. "ಅಣ್ಣ ಹೋದ ಮಾರಾಯ," ಅಂದರು.

ಅಷ್ಟು ಸಾಕಾಯಿತು. ಹಿಂದಿನಿಂದ ಒಬ್ಬರು ನೀರು ಕೊಟ್ಟರು. ಮುಂದಿನವರು ತಿರುಗಿ, "ವಯಸ್ಸೆಷ್ಟಾಗಿತ್ತು?" ಎಂದು ಕೇಳಿದರು.

"ಇಪ್ಪತ್ತೆರಡು," ಅಂದರು ಮೇಷ್ಟ್ರು, ಇನ್ನೂ ಕಾದಂಬರಿಯಿಂದ ಹೊರಗೆ ಬರದೆ.

"ಛೆ ಛೆ, ಸಾಯೂ ವಯಸ್ಸಾ ಅದು," ಎಂದು ಇಡೀ ಬಸ್ಸು ಲೊಚಗುಟ್ಟಿತು. ಅರವತ್ತೈದರ ಮೇಷ್ಟ್ರಿಗೆ ಇಪ್ಪತ್ತೆರಡರ ಅಣ್ಣ ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ದುಃಖದ ಹೊತ್ತಿನಲ್ಲಿ ಲೆಕ್ಕ ಹಾಕುವುದು ನಮ್ಮವರ ಸಂಸ್ಕಾರ ಅಲ್ಲ.

ಕಂಡಕ್ಟರ್ ಡ್ರೈವರಿಗೆ ಹೇಳಿದ. ಡ್ರೈವರ್ ಎಲ್ಲೂ ನಿಲ್ಲಿಸದೆ ಓಡಿಸಿದ. ಮೇಷ್ಟ್ರಿಗಾಗಿ ನಾಲ್ಕೈದು ಜನ ತಮ್ಮ ಸ್ಟಾಪನ್ನೇ ಬಿಟ್ಟುಕೊಟ್ಟರು. ಅಷ್ಟಾದ ಮೇಲೆ 'ಇದು ಬರೀ ಕತೆ' ಎಂದು ಹೇಳುವ ಧೈರ್ಯ ಮೇಷ್ಟ್ರಿಗೆ ಎಲ್ಲಿಂದ ಬರಬೇಕು? ತಲೆ ತಗ್ಗಿಸಿ ತಮ್ಮೂರಲ್ಲಿ ಇಳಿದರು. ಅವರನ್ನು ಕರೆದುಕೊಂಡು ಹೋಗಲು ಕೊಡೆ ಹಿಡಿದು ನಿಂತಿದ್ದವರು ಅವರ ಸ್ವಂತ ಅಣ್ಣ. ಕಂಡಕ್ಟರ್ ಇಳಿದು ಆ ಅಣ್ಣನ ಕೈ ಹಿಡಿದು, "ಧೈರ್ಯ ತಗೊಳ್ಳಿ. ಮನೆಯಲ್ಲಿ ನೀವೇ ಹಿರಿಯರು," ಎಂದು ಸಮಾಧಾನ ಹೇಳಿ ಹೋದನಂತೆ.

ಹುಳ ಓದಿ ಮುಗಿಸಿದ ಪುಸ್ತಕ

ನಮ್ಮೂರು ರಿಪ್ಪನ್‌ಪೇಟೆಯಿಂದ ಒಳಗೆ. ಊರಿನ ಅಮ್ಮನ ಗುಡಿಯಲ್ಲಿ ಶ್ರಾವಣದಲ್ಲಿ ಏಳು ದಿನ ದೇವಿಯ ಪುರಾಣ ಓದುವ ಪದ್ಧತಿ ಇದೆ. ನಮ್ಮಪ್ಪ ಓದುತ್ತಿದ್ದರು. ಅವರ ನಂತರ ನಾನು. ನಾನು ಕಲಿತದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ, ಆದರೂ ಆ ಒಂದು ಪುಸ್ತಕವನ್ನು ಮೂವತ್ತು ಶ್ರಾವಣ ತಡವರಿಸದೆ ಓದಿದ್ದೇನೆ. ವ್ರತ ಹಿಡಿದ ಹೆಂಗಸರು ಆ ದಿನದ ಅಧ್ಯಾಯ ಮುಗಿದು ಮಂಗಳವಾಗುವವರೆಗೆ ತುತ್ತು ಮುಟ್ಟುವುದಿಲ್ಲ. ಹಾಗಾಗಿ ನನ್ನ ಓದಿಗೆ ಪುಣ್ಯದ ಜೊತೆ ಹಸಿವಿನ ಕಾವಲೂ ಇದೆ.

ಮೊನ್ನೆಯ ಆಷಾಢದಲ್ಲಿ ದೇವರ ಗೂಡಿನಿಂದ ಪುಸ್ತಕ ಇಳಿಸಿದೆ. ಬಟ್ಟೆ ಬಿಚ್ಚಿದರೆ ರಟ್ಟು ಇತ್ತು, ಒಳಗೆ ಪುಡಿ ಇತ್ತು. ನಾನು ವರ್ಷಕ್ಕೆ ಏಳು ದಿನ ಓದುತ್ತಿದ್ದೆ, ಹುಳಗಳು ಉಳಿದ ದಿನವೆಲ್ಲ ಓದಿದ್ದವು. ಭಕ್ತಿಯಲ್ಲಿ ಅವೇ ಮೇಲು.

ಗುಡಿ ಕಮಿಟಿಯ ಅಧ್ಯಕ್ಷರ ಹತ್ತಿರ ಹೋಗಿ ಹೇಳಿದೆ. ಅವರಿಗೆ ದುಃಖ ಆದ ಹಾಗೆ ಕಾಣಲಿಲ್ಲ.

"ಬಿಟ್ಹಾಕಿ ಅತ್ಲಾಗೆ. ಪುರಾಣ ಈಗ ಪೆನ್‌ಡ್ರೈವಲ್ಲಿ ಬರ್ತದೆ. ಸೌಂಡ್ ಬಾಕ್ಸಿಗೆ ಚುಚ್ಚಿದ್ರೆ ತನ್ನಷ್ಟಕ್ಕೆ ಓದ್ತದೆ. ಅದಕ್ಕೆ ಕೆಮ್ಮಿಲ್ಲ, ನಡುನಡುವೆ ಕಷಾಯ ಬೇಡ."

"ಅಮ್ಮನ ಎದುರು ಮನುಷ್ಯನ ಬಾಯಲ್ಲಿ ಓದಿದ್ದಲ್ವಾ ಇಷ್ಟು ವರ್ಷ?" ಅಂದೆ.

"ಸರಿ, ಓದಿ. ಬೇಡ ಅಂದವರು ಯಾರು? ಈ ಸಲ ಏಳು ದಿನ ನಿಲ್ಲದ ಹಾಗೆ ಮುಗಿಸಿಕೊಡಿ. ನಡುವೆ ಎಲ್ಲಾದ್ರೂ ನಿಂತ್ರೆ ಮುಂದಿನ ವರ್ಷದಿಂದ ಪೆನ್‌ಡ್ರೈವೇ."

ಸಾಗರಕ್ಕೆ ಹೋಗಿ ಪುಸ್ತಕದಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು ಕಪಾಟು ನೋಡದೆಯೇ, "ಅದು ಈಗ ಅಚ್ಚಾಗೂದಿಲ್ಲ ಯಜಮಾನ್ರೇ. ಎಲ್ಲ ಮೊಬೈಲಲ್ಲೇ ಸಿಗ್ತದೆ," ಅಂದರು. ನಾನು ಅಂಗಿ ಜೇಬಿನಿಂದ ನನ್ನ ಬಟನ್ ಫೋನು ತೆಗೆದು ತೋರಿಸಿದೆ. ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನು ಒಂದು ನಿಮಿಷ ನೋಡಿ, "ಪ್ರಾರ್ಥನೆ ಮಾಡಿ, ಸಿಕ್ಕಿದ್ರೂ ಸಿಕ್ಕೀತು," ಅಂದರು.

ಅಂಗಡಿಯವನ ಚೌಕಗಳು

ರಿಪ್ಪನ್‌ಪೇಟೆಯ ಮೊಬೈಲ್ ಅಂಗಡಿಯವನು ಬಹಳ ಉದಾರಿ. ಒಂದು ಪುರಾಣ ಕೇಳಿದರೆ ನೂರು ಪುಸ್ತಕ ತುಂಬಿಸಿಕೊಟ್ಟ.

"ಅಷ್ಟೆಲ್ಲ ಎಂತಕ್ಕೆ? ನಂಗೆ ಒಂದೇ ಸಾಕು."

"ಇರ್ಲಿ ಬಿಡಿ, ಮೆಮೊರಿ ಕಾರ್ಡಲ್ಲಿ ಜಾಗ ಖಾಲಿ ಉಂಟಲ್ಲ."

ಮನೆಗೆ ಬಂದು ಸ್ನಾನ ಮಾಡಿ, ದೀಪ ಹಚ್ಚಿ, ಪುಸ್ತಕ ತೆರೆದೆ. ಪರದೆಯ ತುಂಬ ಚೌಕಗಳು. ಮೇಲಿನಿಂದ ಕೆಳಗೆ ಸಣ್ಣಸಣ್ಣ ಖಾಲಿ ಚೌಕ, ಅಡಕೆ ಒಣಗಿಸುವ ತಟ್ಟೆಗಳನ್ನು ಜೋಡಿಸಿಟ್ಟ ಹಾಗೆ. ಒಂದು ಅಕ್ಷರವಿಲ್ಲ. ಉಳಿದ ತೊಂಬತ್ತೊಂಬತ್ತನ್ನೂ ತೆರೆದು ನೋಡಿದೆ, ಎಲ್ಲ ಲೇಖಕರೂ ಚೌಕವನ್ನೇ ಬರೆದಿದ್ದರು.

ಮರುದಿನ ಫೋನು ಹಿಡಿದುಕೊಂಡು ಮತ್ತೆ ರಿಪ್ಪನ್‌ಪೇಟೆಗೆ ಹೋದೆ. ಅಂಗಡಿಯವನು ಪರದೆಯನ್ನು ಓರೆ ಮಾಡಿ, ನೇರ ಮಾಡಿ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಹಳ ವಿನಯದಿಂದ ಹೇಳಿದ, "ಇದು ಹಳೆಗನ್ನಡ ಇರ್ಬೇಕು ಯಜಮಾನ್ರೇ. ಓದಿ ಓದಿ ರೂಢಿ ಆಗ್ತದೆ."

ಬಾವನ ಹೆಬ್ಬೆರಳು

ನನ್ನ ಹೆಂಡತಿಯ ಅಣ್ಣ ಕಾರ್ಗಲ್‌ನಲ್ಲಿದ್ದಾರೆ. ನನಗೆ ಅವರು ಬಾವ, ಅವರಿಗೆ ನಾನು ಬಾವ. ಪವರ್ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಗೊತ್ತಿಲ್ಲದ ವಿಷಯ ಇಲ್ಲ, ಇದ್ದರೆ ಅದು ವಿಷಯವೇ ಅಲ್ಲ. ಅವರ ಪಕ್ಕದ ಮನೆಯಲ್ಲಿ ನಮ್ಮದೇ ಪುರಾಣದ ಪ್ರತಿ ಇತ್ತು. ಆದರೆ ಆ ಮನೆಯ ಅಮ್ಮನವರದ್ದು ಒಂದು ನೇಮ: ದೇವರ ಕೋಣೆಯ ಪುಸ್ತಕ ಹೊಸಿಲು ದಾಟಬಾರದು.

"ಪುಸ್ತಕ ದಾಟೂದು ಬೇಡ ಬಾವ. ಫೋಟೋ ದಾಟ್ತದೆ," ಅಂದರು ಬಾವ. ತಮ್ಮ ದೊಡ್ಡ ಫೋನಿನಲ್ಲಿ ಪುಟಪುಟವನ್ನೂ ಫೋಟೋ ಹೊಡೆದು, ಅದನ್ನು ನನ್ನ ಕಾರ್ಡಿಗೆ ಇಳಿಸಿ ತಂದರು. ಆ ದೊಡ್ಡ ಫೋನನ್ನೇ ಏಳು ದಿನಕ್ಕೆ ಕೊಡಬಹುದಲ್ಲ ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಬಾವ ಕೇಳಿಸದವರ ಹಾಗೆ ಕಾಫಿ ಹೊಗಳಿದರು.

ಈ ಸಲ ಅಕ್ಷರ ಬಂದವು. ಆದರೆ ಸಾಸಿವೆ ಕಾಳಿನಷ್ಟು. ದೊಡ್ಡದು ಮಾಡಿದರೆ ಸಾಲಿನ ಎಡ ಅರ್ಧ ಮಾತ್ರ ಕಾಣುತ್ತದೆ. ಆರನೇ ನಂಬರ್ ಒತ್ತಿದರೆ ಬಲ ಅರ್ಧ, ನಾಲ್ಕು ಒತ್ತಿದರೆ ಮತ್ತೆ ಎಡ. ಪುಟ ಮುಗಿದರೆ ಕೆಳಗಿನ ಮೂಲೆ ಬಟನ್. ಒಂದು ಸಾಲಿಗೆ ಎರಡು ಸಲ ಒತ್ತಬೇಕು. ನಾನು ಜಪಮಣಿ ಎಣಿಸಿದವನು, ಬೆರಳಿಗೆ ಅದೇನು ಕಷ್ಟವಲ್ಲ.

ಕಷ್ಟ ಬಂದದ್ದು ಇನ್ನೊಂದು ಬೆರಳಿನಿಂದ. ಮೂರು ನಾಲ್ಕು ಪುಟಕ್ಕೊಮ್ಮೆ, ಪುಸ್ತಕ ಬಿಡಿಸಿ ಹಿಡಿದುಕೊಂಡ ಬಾವನ ಹೆಬ್ಬೆರಳು ಫೋಟೋದಲ್ಲಿ ಬಂದಿತ್ತು. ದೇವಿ ಪ್ರತ್ಯಕ್ಷಳಾದಳು ಎನ್ನುವ ಕಡೆ ಆರು ಒತ್ತಿದರೆ ಪ್ರತ್ಯಕ್ಷವಾಗುವುದು ಬಾವನ ಉಗುರು.

"ಎಂತ ಬಾವ ಇದು? ಇಲ್ಲಿ ಎರಡು ಸಾಲೇ ಇಲ್ವಲ್ಲ."

"ಮೂವತ್ತು ವರ್ಷ ಓದಿದವರಿಗೆ ಎರಡು ಸಾಲು ಬಾಯಿಗೆ ಬರೂದಿಲ್ವಾ? ಬರ್ಲಿ ಅಂತ್ಲೇ ಬಿಟ್ಟಿದ್ದು," ಅಂದರು ಬಾವ.

ಮೊದಲ ದಿನ

ಗುಡಿಯಲ್ಲಿ ಪುಸ್ತಕ ಇಟ್ಟು ಓದುವ ವ್ಯಾಸಪೀಠದ ಮೇಲೆ ಕೆಂಪು ವಸ್ತ್ರ ಹಾಸಿ ಫೋನನ್ನು ಇಟ್ಟರು. ಅಷ್ಟು ದೊಡ್ಡ ಪೀಠದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಅದಕ್ಕೆ ಪೂಜೆಯಾಯಿತು, ಆರತಿಯಾಯಿತು. ನಾನು ಸಂಕಲ್ಪ ಹೇಳಿ ಓದಲು ಶುರು ಮಾಡಿದೆ. ಎಡ ಅರ್ಧ, ಬಲ ಅರ್ಧ, ಎಡ ಅರ್ಧ. ಹದಕ್ಕೆ ಬರುತ್ತಿತ್ತು.

ಐದನೇ ಪುಟದಲ್ಲಿ ಪುರಾಣ ಮಾಯವಾಗಿ ಫೋನು ಗಡಗಡ ನಡುಗಿ ಹಾಡತೊಡಗಿತು. ಸಿಮ್ ತೆಗೆದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕಟ್ ಮಾಡಲು ಹೋಗಿ ಬೇರೆ ಬಟನ್ ಒತ್ತಿದೆ. ಕಿವಿಗೆ ಹಿಡಿಯದೇ ಗತಿಯಿಲ್ಲ. ಆಚೆಯಿಂದ ಅಧ್ಯಕ್ಷರ ಸ್ವರ. ತಲೆಯೆತ್ತಿ ನೋಡಿದರೆ ಅವರು ಗುಡಿಯಲ್ಲೇ, ಕೊನೆಯ ಸಾಲಿನಲ್ಲಿ, ಕಂಬಕ್ಕೊರಗಿ ಕೂತಿದ್ದಾರೆ.

"ಸ್ವಲ್ಪ ಜೋರಾಗಿ ಓದಿ. ಇಲ್ಲಿ ಹಿಂದೆ ಏನೂ ಕೇಳ್ತಾ ಇಲ್ಲ," ಅಂದರು. "ನಡುವೆ ಎದ್ದು ಬಂದು ಹೇಳಿದ್ರೆ ಪಾರಾಯಣಕ್ಕೆ ಭಂಗ ಅಲ್ವಾ, ಅದಕ್ಕೆ ಫೋನ್ ಮಾಡಿದೆ."

ದೇವಿಗೆ ಒಪ್ಪಿಸಿದ ಸಾಮಾನು

ಮೂರನೇ ದಿನ ದೇವತೆಗಳೆಲ್ಲ ಬಂದು ದೇವಿಗೆ ಒಬ್ಬೊಬ್ಬರು ಒಂದೊಂದು ವಸ್ತು ಒಪ್ಪಿಸುವ ಪ್ರಸಂಗ. ಕೇಳುವವರು ಕೈ ಮುಗಿದು ಕೂತಿರುತ್ತಾರೆ, ನಾನೂ ಅಲ್ಲಿ ಸ್ವರ ಏರಿಸುತ್ತೇನೆ. "ಆಗ ಸಕಲ ದೇವತೆಗಳೂ ಭಕ್ತಿಯಿಂದ ತಂದು ಒಪ್ಪಿಸಿದ್ದು ಏನೆಂದರೆ" ಎನ್ನುವಲ್ಲಿಗೆ ಪುಟ ಮುಗಿಯಿತು. ಮೂಲೆ ಬಟನ್ ಒತ್ತಿದೆ. ರಾಗ ಬಿಡದೆ ಮುಂದುವರಿದೆ:

"ತೊಗರಿಬೇಳೆ ಎರಡು ಕಿಲೋ. ಒಣಮೆಣಸು ಅರ್ಧ ಕಿಲೋ. ಸಾಬೂನು, ಬಟ್ಟೆಯದ್ದು ನಾಲ್ಕು, ಮೈಯದ್ದು ಎರಡು."

ಅಷ್ಟು ಓದಿದ ಮೇಲೆ ನನಗೆ ತಿಳಿಯಿತು. ಬಾವನ ಹೆಂಡತಿ ಬರೆದುಕೊಟ್ಟ ಸಾಮಾನು ಚೀಟಿ. ಅದನ್ನೂ ಬಾವ ಫೋಟೋ ಹೊಡೆದಿಟ್ಟುಕೊಂಡಿದ್ದರು, ಅದೂ ಪುರಾಣದ ಸಾಲಿನಲ್ಲಿ ಸೇರಿಕೊಂಡು ಬಂದಿತ್ತು. ಎರಡು ಸಾಲಿನ ಆಚೆ ಕೂತಿದ್ದ ಬಾವ ಗುಡಿಯ ಮಾಡನ್ನು ನೋಡುತ್ತಿದ್ದರು, ಹೊಸದಾಗಿ ಹಂಚು ಹೊದೆಸುವವರ ಹಾಗೆ.

ನಾನು ಗಾಬರಿಯಲ್ಲಿ ಮುಂದಿನ ಪುಟಕ್ಕೆ ಹೋದೆ. ಅಲ್ಲಿ ಹೆಬ್ಬೆರಳು. ಕೆಮ್ಮು ಬಂದವನ ಹಾಗೆ ಕೆಮ್ಮಿ ಹೊತ್ತು ಕಳೆದೆ. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಕೆಳಮನೆ ಅಜ್ಜಿ ಏನೋ ಗುನುಗಿದರು. ಎಂಬತ್ತು ದಾಟಿದವರು, ಹೆಬ್ಬೆಟ್ಟು ಒತ್ತುವವರು, ಏಳೂ ದಿನ ಮಂಗಳದವರೆಗೆ ಉಪವಾಸ. ಪಾಪ ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ಕಿವಿಗೆ ಬಿದ್ದದ್ದನ್ನೇ ಓದಿದೆ, ಸರಿಯಾಗಿ ಕೂತಿತು. ಅದು ಹೇಗೆ ಎಂದು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ.

ಮಂಗಳವಾದ ಮೇಲೆ ಸಾಮಾನಿನ ಬಗ್ಗೆ ಯಾರಾದರೂ ಕೇಳುತ್ತಾರೆಂದು ಹೆದರಿ ಕೂತಿದ್ದೆ. ಒಬ್ಬರೂ ಕೇಳಲಿಲ್ಲ. ಅಜ್ಜಿ ಮಾತ್ರ ಎಲೆ ಮುಂದೆ ಕೂತವರು, "ಮಗಾ, ಆ ಕಾಲದಲ್ಲಿ ದೇವರಿಗೂ ಒಣಮೆಣಸು ಅರ್ಧ ಕಿಲೋ ಸಾಕಾಗ್ತಿತ್ತು ನೋಡು. ನಮ್ಮ ಸೊಸೆಗೆ ಸಾಲೂದಿಲ್ಲ," ಅಂದರು.

ಮೂರು ಸಲ ಸತ್ತ ರಾಕ್ಷಸ

ಏಳನೇ ದಿನ ಬಂತು. ಆರು ದಿನ ನಿಲ್ಲದೆ ಓದಿ ಆಗಿತ್ತು. ಒಂದು ದಿನ ಕಳೆದರೆ ಪೆನ್‌ಡ್ರೈವಿನಿಂದ ಬಿಡುಗಡೆ. ಅಧ್ಯಕ್ಷರು ಅವತ್ತು ಮುಂದಿನ ಸಾಲಿಗೇ ಬಂದು ಕೂತಿದ್ದರು, ಪಕ್ಕದಲ್ಲಿ ಸೌಂಡ್ ಬಾಕ್ಸನ್ನೂ ತಂದಿಟ್ಟುಕೊಂಡಿದ್ದರು. "ಎಂತಕ್ಕೂ ಇರ್ಲಿ," ಅಂದರು. ಹೆರಿಗೆಗೆ ಹೊರಟವರ ಮುಂದೆ ಚಟ್ಟ ಕಟ್ಟಿಟ್ಟ ಹಾಗೆ.

ಕೊನೆಯ ದಿನ ಊರಿನ ಪ್ರತಿ ಮನೆಯವರೂ ಪುಸ್ತಕಕ್ಕೆ ಅರಿಶಿನ ಕುಂಕುಮ ಅಕ್ಷತೆ ಹಾಕಬೇಕು. ಅದು ಅಪ್ಪನ ಕಾಲದಿಂದ ಬಂದದ್ದು. ದೊಡ್ಡ ಪುಸ್ತಕವಾದರೆ ಕೊಡವಿದರೆ ಹೋಗುತ್ತದೆ. ಇದು ಫೋನು. ನಲವತ್ತು ಮನೆಯ ಅಕ್ಷತೆ ಬಿದ್ದು ಪೀಠದ ಮೇಲೆ ಒಂದು ಸಣ್ಣ ಗುಡ್ಡವಾಯಿತು. ನಾನು ಕೈ ಹಾಕಿ ಫೋನನ್ನು ಅಗೆದು ತೆಗೆದೆ. ತುಪ್ಪದಲ್ಲಿ ಕಲಸಿದ ಅಕ್ಷತೆ, ಬಟನ್ ಸಂದಿಗೆಲ್ಲ ಅಂಟಿತ್ತು. ಪಂಚೆಯ ತುದಿಯಲ್ಲಿ ಒರೆಸಿ ಓದಲು ಕೂತೆ.

ರಾಕ್ಷಸ ಸಾಯುವ ಪುಟದವರೆಗೆ ತೊಂದರೆಯಿಲ್ಲ. ದೇವಿ ಶೂಲ ಎತ್ತಿದಳು, ರಾಕ್ಷಸ ಬಿದ್ದ. ಮೂಲೆ ಬಟನ್ ಒತ್ತಿದೆ. ಪುಟ ಅಲ್ಲಾಡಲಿಲ್ಲ. ಇನ್ನೂ ಗಟ್ಟಿ ಒತ್ತಿದೆ. ಒಳಗೆ ಕಟಕ್ ಎಂದು ಅಕ್ಕಿ ಕಾಳು ಮುರಿದ ಸದ್ದು. ಬಟನ್ ಒಳಗೆ ಹೋಯಿತು, ಮೇಲೆ ಬರಲಿಲ್ಲ.

ಅಧ್ಯಕ್ಷರ ಕೈ ಸೌಂಡ್ ಬಾಕ್ಸಿನ ಮೇಲೆ ಇತ್ತು. ನಿಲ್ಲಿಸುವ ಹಾಗಿಲ್ಲ. ನಾನು ರಾಗ ಬದಲಿಸಿ ಅದೇ ಪುಟವನ್ನು ಮೊದಲಿಂದ ಓದಿದೆ. ದೇವಿ ಮತ್ತೆ ಶೂಲ ಎತ್ತಿದಳು, ರಾಕ್ಷಸ ಮತ್ತೆ ಬಿದ್ದ. ಅಷ್ಟರಲ್ಲಿ ಬಾವ ತೆವಳಿಕೊಂಡು ಪೀಠದ ಹತ್ತಿರ ಬಂದರು.

"ಎಂತ ಬಾವ? ಮತ್ತೆ ಸಾಯಿಸ್ತಾ ಇದೀರಿ?" ಎಂದು ಪಿಸುಗುಟ್ಟಿದರು.

"ಅಕ್ಷತೆ ಸಿಕ್ಕಿದೆ," ಎಂದು ಉಸಿರು ಎಳೆದುಕೊಳ್ಳುವ ನಡುವೆ ಹೇಳಿದೆ.

ಬಾವ ತಂಗಿಯ ಕಡೆ ಕೈ ಚಾಚಿ ತಲೆಪಿನ್ನು ಇಸಿದುಕೊಂಡರು. ನಾನು ಫೋನು ಹಿಡಿದು ಮೂರನೇ ಸಲ ಓದುತ್ತಿದ್ದೇನೆ, ಅವರು ಪಕ್ಕದಿಂದ ಬಟನ್ ಮೀಟುತ್ತಿದ್ದಾರೆ. ರಾಕ್ಷಸ ಮೂರನೇ ಸಲ ಬೀಳುವುದಕ್ಕೂ ಬಾವ ಜೋರಾಗಿ ಮೀಟುವುದಕ್ಕೂ ಸರಿಯಾಯಿತು. ಹಿಂದಿನ ಮುಚ್ಚಳ ಹಾರಿತು. ಬ್ಯಾಟರಿ ಎದ್ದು ಹೋಗಿ ಪಂಚಾಮೃತದ ಬಟ್ಟಲಿಗೆ ಬಿತ್ತು. ಪರದೆ ಕಪ್ಪಾಯಿತು.

ಪುಣ್ಯಕ್ಕೆ ಅಧ್ಯಕ್ಷರು ಆಗ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಮೂವತ್ತು ವರ್ಷ ಓದಿದ್ದೆನಲ್ಲ, ಮುಂದಿನದು ಒಂದಕ್ಷರ ನೆನಪಿಗೆ ಬರಬೇಡವೇ? ಕಣ್ಣಿನಲ್ಲಿ ಓದಿದವನು ನಾನು, ಕಣ್ಣೆದುರು ಇಲ್ಲದ ಮೇಲೆ ಬಾಯಲ್ಲೂ ಇಲ್ಲ. 'ತಾಯೀ, ನೀನೇ ದಾರಿ ತೋರಿಸು' ಅಂದುಕೊಂಡೆ.

ಮುಂದಿನ ಸಾಲಿನಿಂದ ಸಣ್ಣ ಸ್ವರ ಬಂತು. ಕೆಳಮನೆ ಅಜ್ಜಿ.

"ಮಗಾ, ರಾಕ್ಷಸ ಮೂರು ಸಲ ಸತ್ತ. ನಾ ಬೆಳಗ್ಗಿಂದ ಉಪವಾಸ. ಇನ್ನೊಂದು ಸಲ ಅವ ಸತ್ರೆ ಜೊತೆಗೆ ನಾನೂ ಹೋಗ್ತೀನಿ." ಆಮೇಲೆ ಇನ್ನೂ ತಗ್ಗಿದ ಸ್ವರದಲ್ಲಿ, "ಮುಂದೆ ದೇವತೆಗಳು ಹೂ ಸುರಿಸ್ತಾರೆ. ಅಲ್ಲಿಂದ ಹಿಡ್ಕೋ."

ನಾನು ಹಿಡಿದುಕೊಂಡೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ಒಂದು ಸಾಲು ಹೇಳುವುದು, ನಾನು ಸತ್ತ ಫೋನನ್ನು ನೋಡುತ್ತ ಅದನ್ನೇ ರಾಗವಾಗಿ ಓದುವುದು. ರೂಢಿಗೆ ಬಿದ್ದ ಬೆರಳು ಆರು, ನಾಲ್ಕು ಒತ್ತುತ್ತಲೇ ಇತ್ತು. ಅರವತ್ತು ಶ್ರಾವಣ ಕೇಳಿ ಕೇಳಿ ಅವರೊಳಗೆ ಪುಸ್ತಕ ಪೂರ್ತಿ ಇಳಿದಿತ್ತು. ಚೌಕವಿಲ್ಲ, ಹೆಬ್ಬೆರಳಿಲ್ಲ, ತೊಗರಿಬೇಳೆಯಿಲ್ಲ. ಒಂದು ಕಡೆ ಮಾತ್ರ ನಿಲ್ಲಿಸಿ ಕೇಳಿದರು, "ಇಲ್ಲಿ ನಾಲ್ಕು ಸಾಲು ನಿಮ್ಮಪ್ಪ ಹಾರಿಸ್ತಿದ್ರು, ಊಟಕ್ಕೆ ತಡ ಆದ್ರೆ. ಹಾರಿಸ್ಲಾ?"

"ಬೇಡ ಅಜ್ಜಿ, ಹೇಳಿ," ಅಂದೆ.

"ನಿಂಗೆ ಹಸಿವಿಲ್ಲ ಬಿಡು," ಎಂದು ಆ ನಾಲ್ಕನ್ನೂ ಹೇಳಿದರು.

ಮಂಗಳವಾಯಿತು. ಗಂಟೆ ಹೊಡೆಯಿತು. ಅಧ್ಯಕ್ಷರು ಎದ್ದು ನಿಂತು ಮಾತಾಡಿದರು. ಪೆನ್‌ಡ್ರೈವಿನ ಮಾತು ಎತ್ತಲೇ ಇಲ್ಲ. "ಏಳು ದಿನ ಎಲ್ಲೂ ನಿಲ್ಲಲಿಲ್ಲ. ಇವತ್ತಿನ ಕೊನೇ ಭಾಗವಂತೂ ಎಲ್ಲ ದಿನಕ್ಕಿಂತ ಸ್ಪಷ್ಟ. ಇಷ್ಟು ಸಣ್ಣ ಫೋನಲ್ಲಿ ಇಷ್ಟು ಚೆನ್ನಾಗಿ ಅಕ್ಷರ ಬರ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ. ಇನ್ನು ಮೇಲೆ ಪ್ರತಿ ವರ್ಷ ಇದರಲ್ಲೇ ಓದ್ಲಿ," ಅಂದರು. ತಂತ್ರಜ್ಞಾನ ಒದಗಿಸಿದ್ದಕ್ಕೆ ಬಾವನಿಗೆ ಶಾಲು ಹೊದೆಸಿದರು. ಬಾವ ಅದನ್ನು ಅತ್ಯಂತ ಸಂಕೋಚದಿಂದ, ಎರಡೂ ಭುಜಕ್ಕೆ ಸರಿಯಾಗಿ ಕೂರುವ ಹಾಗೆ ಎಳೆದುಕೊಂಡರು. ಬ್ಯಾಟರಿ ಇಲ್ಲದ ಫೋನಿಗೆ ಸೇವಂತಿಗೆ ಹಾರ ಹಾಕಿ ಆರತಿ ಎತ್ತಿದರು.

ಆಮೇಲೆ ಫೋಟೋ. ಎಲ್ಲರೂ ಪೀಠದ ಸುತ್ತ ನಿಂತರು. ಅಧ್ಯಕ್ಷರು ಒಮ್ಮೆ ನೋಡಿ, "ಅಜ್ಜೀ, ನೀವು ಸ್ವಲ್ಪ ಬದಿಗೆ ಬನ್ನಿ. ಫೋನು ಮರೆಯಾಗ್ತದೆ," ಅಂದರು.

ಅಜ್ಜಿ ಬದಿಗೆ ಸರಿದರು. ಸರಿದವರು ಹಾಗೆಯೇ ಊಟದ ಚಪ್ಪರಕ್ಕೆ ನಡೆದು, ಮೊದಲನೇ ಎಲೆಗೆ ಕೂತು, "ಅಲ್ಲಿ ಫೋನಿನ ಸತ್ಕಾರ ನಡೀಲಿ. ಇಲ್ಲಿ ಬಡಿಸ್ರೋ," ಅಂದರು.

ಇಷ್ಟೇ ನಡೆದದ್ದು. ಈಗ ನಾನು ದಿನಾ ಹಾಲು ಕರೆದಾದ ಮೇಲೆ ಕೆಳಮನೆ ಜಗಲಿಗೆ ಹೋಗಿ ಕೂರುತ್ತೇನೆ. ಅಜ್ಜಿ ಹೇಳುತ್ತಾರೆ, ನಾನು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಅರ್ಧ ಮುಗಿದಿದೆ. ಶ್ರಾವಣದಲ್ಲಿ ಫೋನು ಪೀಠದ ಮೇಲಿರುತ್ತದೆ, ನೋಟ್‌ಬುಕ್ಕು ಫೋನಿನ ಕೆಳಗಿರುತ್ತದೆ. ಅಧ್ಯಕ್ಷರು ಓದುವ ಅಭ್ಯಾಸದವರಲ್ಲ, ಹಾಗಾಗಿ ಇಲ್ಲಿ ಬರೆಯಲು ನನಗೆ ಹೆದರಿಕೆಯಿಲ್ಲ.

ಅಂಚೆಯಣ್ಣನಿಗೆ ಆಗಲೇ ಹೇಳಿದ್ದೇನೆ, ಅವರು ಹೊಸನಗರದವರೆಗೆ ಮುಟ್ಟಿಸಿದ್ದಾರೆ. ಆಚೆಯ ಊರುಗಳು ನಿಮ್ಮ ಪಾಲಿಗಿರಲಿ. ನೀವು ಒಬ್ಬರಿಗೆ ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ. ಬಾಯಲ್ಲೇ ಹೇಳಿದರೆ ಬಹಳ ಒಳ್ಳೆಯದು. ಫೋಟೋ ಹೊಡೆದೇ ಕಳಿಸುತ್ತೀರಾದರೂ ಅಡ್ಡಿಯಿಲ್ಲ, ಹೆಬ್ಬೆರಳು ಮಾತ್ರ ಆಚೆ ಇಡಿ.